ಆಟ ಕಮ್ಮಿ, ಸೆಟ್ಟಿಂಗೇ ಜಾಸ್ತಿ

ಪ್ಲೇಸ್ಟೇಷನ್ ಎಂಬ ಹಳೇ ಆಟದ ಯಂತ್ರದ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಿಸುವ ಎಮ್ಯುಲೇಟರ್ ನಿನ್ನೆ ತಾನೇ ಅಪ್‌ಡೇಟ್ ಆಯಿತು. ಈಗ ಆಟವನ್ನು ನಿಂತಲ್ಲೇ ಉಳಿಸಿಡುವ ಹಳೇ ಸೇವ್ ಸ್ಟೇಟ್ ಒಂದೂ ತೆರೆಯುವುದಿಲ್ಲ. ಹಿಂದಿನ ಆವೃತ್ತಿಯದಂತೆ! ಕೊನೇ ದೊಡ್ಡ ಶತ್ರು, ಅಂದರೆ ಬಾಸ್‌ನ ಬಾಗಿಲಲ್ಲಿ ಸೇವ್ ಮಾಡಿಟ್ಟಿದ್ದೆ ಮಾರಾಯ್ರೇ.

1994ರಲ್ಲಿ ಬಂದ ಪ್ಲೇಸ್ಟೇಷನ್‌ಗೆ ಇದ್ದದ್ದು ಬರೀ 2 ಎಂಬಿ ರ್‍ಯಾಮ್. ಡಿಸ್ಕ್ ಹಾಕು, ಬಟನ್ ಒತ್ತು, ಆಡು. ನನ್ನ ಕಂಪ್ಯೂಟರಿಗೆ 8 ಜಿಬಿ ಇದೆ, ಆದರೂ ಎಮ್ಯುಲೇಟರ್ ಮೊದಲು ಬಯೋಸ್ (ಪ್ಲೇಸ್ಟೇಷನ್ ಶುರುವಾಗಲು ಬೇಕಾದ ತಂತ್ರಾಂಶ) ಎಲ್ಲಿ ಅಂತ ಕೇಳುತ್ತದೆ. 512 ಕೆಬಿ ಫೈಲಿಗೆ ಇಷ್ಟು ದೌಲತ್ತೇ? ಕೊಟ್ಟರೆ ಸದ್ದು ಕರಕರ. ಸದ್ದನ್ನು ಮೊದಲೇ ಕೂಡಿಟ್ಟುಕೊಳ್ಳುವ ಬಫರ್ ಹೆಚ್ಚಿಸಿದರೆ ಕರಕರ ನಿಲ್ಲುತ್ತದೆ, ಆದರೆ ಶತ್ರು ಸತ್ತು ಬಿದ್ದ ಮೇಲೆ ಗುಂಡಿನ ಸದ್ದು ಕೇಳುತ್ತದೆ!

ಕೀಬೋರ್ಡಿನದು ಬೇರೆಯೇ ರಾಮಾಯಣ. ಓಡುತ್ತಾ ಜಿಗಿದು ಗುಂಡು ಹೊಡೆಯಬೇಕಾದರೆ ಮೂರು ಕೀ ಒಟ್ಟಿಗೆ ಒತ್ತಬೇಕು. ಈ ಅಗ್ಗದ ಕೀಬೋರ್ಡಿಗೆ ಎರಡೇ ಕೇಳಿಸುವುದು. ಹೀರೋ ಜಿಗಿಯದೆ ಸುಮ್ನೆ ನಡೆದುಕೊಂಡು ಹೋಗಿ ಹೊಂಡಕ್ಕೆ ಬೀಳುತ್ತಾನೆ.

ಮೇಲಿಂದ ಇದು ಶಿರಸಿಯ ಮಳೆಗಾಲ. ಹೊರಗೆ ಕಾಲಿಡುವ ಹಾಗಿಲ್ಲ ಅಂತಲೇ ಆಟಕ್ಕೆ ಕೂತದ್ದು, ಅಲ್ವಾ? ಎಲ್ಲೋ ಒಂದು ಅಡಿಕೆ ಸೋಗೆ ತಂತಿ ಮೇಲೆ ಬಿತ್ತೋ, ಕರೆಂಟ್ ಢಮಾರ್. ಯುಪಿಎಸ್ಸು ಎರಡು ಸಲ ಕುಂಯ್ ಅಂದು ಕಣ್ಣು ಮುಚ್ಚುತ್ತದೆ. ಅದನ್ನು ಇಟ್ಟುಕೊಂಡದ್ದಾದರೂ ಯಾಕೆ?

ಆಯಿ ಬಾಗಿಲಲ್ಲಿ ನಿಂತು ಕೇಳುತ್ತಾಳೆ: "ತಮಾ, ಆಟ ಆಡ್ತ್ಯಾ, ರಿಪೇರಿ ಮಾಡ್ತ್ಯಾ?"