ಮಂತ್ರಿಗಳ ಮುಖ ಕೆಂಪಾದ ಪ್ರಸಂಗ

ನಾಚಿಕೊಳ್ಳುವ ರಾಜಕಾರಣಿಯನ್ನು ಕಣ್ಣಾರೆ ಕಾಣಬೇಕೆನ್ನುವವರು ತುರ್ಕಿಯ ಕಡೆ ನೋಡಬೇಕು. 2016ರ ಮಾರ್ಚ್‌ನಲ್ಲಿ ಅಲ್ಲಿನ ನ್ಯಾಯಮಂತ್ರಿ ಬೆಕಿರ್ ಬೊಜ್ದಾಗ್ ಸಂಸತ್ತಿಗೆ ಒಂದು ಲೆಕ್ಕ ಒಪ್ಪಿಸಿದರು. 2014ರಲ್ಲಿ ಎರ್ಡೊಗನ್ ಅಧ್ಯಕ್ಷರಾದ ಮೇಲೆ ಅವರನ್ನು ಅವಮಾನಿಸಿದ್ದಕ್ಕೆ ದಾಖಲಾದ ಮೊಕದ್ದಮೆಗಳು 1,845! ಆ ಬೈಗುಳಗಳನ್ನು ಓದಲು ತಮ್ಮಿಂದಾಗದು, ಮುಖ ಕೆಂಪೇರುತ್ತದೆ ಎಂದೂ ಅಲವತ್ತುಕೊಂಡರು.

ಪಾಪ, ಅವರದು ಮೃದುವಾದ ಜೀವ. ಯೋಜ್‌ಗಾತ್ ಪ್ರಾಂತ್ಯದವರು, ಮೊದಲು ಧರ್ಮಶಾಸ್ತ್ರ ಓದಿ, ಆಮೇಲೆ ಕಾನೂನು ಓದಿ ವಕೀಲರಾದವರು. 2002ರಲ್ಲಿ ಸಂಸತ್ತು, 2011ರಲ್ಲಿ ಉಪಪ್ರಧಾನಿ ಪಟ್ಟ, 2013ರ ಕೊನೆಯಲ್ಲಿ ನ್ಯಾಯಖಾತೆ. ಅಲ್ಲಿ ಕಾದಿತ್ತು ದಂಡಸಂಹಿತೆಯ 299ನೇ ಕಲಂ. ಅಧ್ಯಕ್ಷರನ್ನು ಅವಮಾನಿಸಿದರೆ ಒಂದರಿಂದ ನಾಲ್ಕು ವರ್ಷ ಸೆರೆ. ಆದರೆ ವಿಚಾರಣೆಗೆ ನ್ಯಾಯಮಂತ್ರಿಯ ಅನುಮತಿ ಬೇಕು. ಅರಸನ ಅನ್ನದಲ್ಲಿ ವಿಷವಿದೆಯೇ ಎಂದು ಮೊದಲ ತುತ್ತು ತಿನ್ನುವ ಸೇವಕನ ಕೆಲಸವಿದು. ದೇಶದ ಬೈಗುಳವೆಲ್ಲ ಮೊದಲು ಮಂತ್ರಿಯ ಮೇಜಿನ ಮೇಲೆ ಬಂದು ಬೀಳಬೇಕು.

ನಡುವೆ ಅವರ ಕೆನ್ನೆಗಳಿಗೆ ಎಂಟು ತಿಂಗಳ ಬಿಡುವು ಸಿಕ್ಕಿತ್ತು. ಚುನಾವಣೆಗೆ ಮುನ್ನ ನ್ಯಾಯ, ಒಳಾಡಳಿತ, ಸಾರಿಗೆ ಮಂತ್ರಿಗಳು ಕುರ್ಚಿ ಬಿಟ್ಟು ಪಕ್ಷಾತೀತರಿಗೆ ಕೊಡಬೇಕೆಂದು ಆಗ ಸಂವಿಧಾನದಲ್ಲಿತ್ತು. 2015ರ ಮಾರ್ಚ್‌ನಲ್ಲಿ ಮೂವರೂ ಎದ್ದರು. ಕೂತವರು ಆಯಾ ಸಚಿವಾಲಯದ ಕಾರ್ಯದರ್ಶಿಗಳೇ. ನಿನ್ನೆಯವರೆಗೆ ಮಂತ್ರಿಗೆ ಕಡತ ಹೊತ್ತು ತಂದವರು ಬೆಳಗಾಗುವುದರಲ್ಲಿ ಪಕ್ಷಾತೀತರಾದರು! ನವೆಂಬರ್‌ನಲ್ಲಿ ಬೊಜ್ದಾಗ್ ಹಿಂತಿರುಗಿದರು. ಇಷ್ಟು ನಾಟಕವೂ ಯಾಕೆಂದು 2017ರ ತಿದ್ದುಪಡಿಯಲ್ಲಿ ಸಂವಿಧಾನದ ಆ ನಿಯಮವನ್ನೇ ತೆಗೆದುಹಾಕಿದರು.

2015ರಲ್ಲಿ ಬೊಜ್ದಾಗ್ ಹಿಂತಿರುಗಿದ ಮರುತಿಂಗಳೇ ಐದಿನ್ ಪಟ್ಟಣದ ನ್ಯಾಯಾಲಯಕ್ಕೆ ಒಂದು ಗಹನ ಪ್ರಶ್ನೆ ಎದುರಾಯಿತು. ವೈದ್ಯರೊಬ್ಬರು ಅಧ್ಯಕ್ಷರ ಚಿತ್ರಗಳ ಪಕ್ಕದಲ್ಲಿ ‘ಲಾರ್ಡ್ ಆಫ್ ದ ರಿಂಗ್ಸ್’ ಸಿನಿಮಾದ ಗೊಲ್ಲಮ್ ಎಂಬ ಪಾತ್ರದ ಚಿತ್ರಗಳನ್ನಿಟ್ಟು ಹಂಚಿಕೊಂಡಿದ್ದರು. ಗೊಲ್ಲಮ್ ಒಳ್ಳೆಯವನೋ ಕೆಟ್ಟವನೋ? ನ್ಯಾಯಾಧೀಶರು ಸಿನಿಮಾವನ್ನು ಪೂರ್ತಿ ನೋಡಿರಲಿಲ್ಲವಂತೆ. ತಜ್ಞರ ಸಮಿತಿ ರಚಿಸಲು ಆದೇಶವಾಯಿತು: ಪ್ರಾಧ್ಯಾಪಕರು, ಮನಶ್ಶಾಸ್ತ್ರ ಬಲ್ಲವರು, ಸಿನಿಮಾ ಬಲ್ಲವರು. ನಿರ್ದೇಶಕ ಪೀಟರ್ ಜಾಕ್ಸನ್ ಅವರಂತೂ ಆ ಚಿತ್ರಗಳಲ್ಲಿರುವುದು ಗೊಲ್ಲಮ್ ಅಲ್ಲ, ಅವನೊಳಗಿನ ಸಾಧುಜೀವಿ ಸ್ಮೀಗಲ್ ಎಂದು ಸ್ಪಷ್ಟನೆ ಕೊಟ್ಟರು. ಹೋಲಿಕೆಯೇ ಇಲ್ಲವೆಂದು ಮಾತ್ರ ಯಾರೂ ವಾದಿಸಿದ ಹಾಗೆ ಕಾಣಲಿಲ್ಲ.

2017ರಲ್ಲಿ ಖಾತೆ ಬದಲಾಗಿ ಕೆನ್ನೆಗಳು ತಣ್ಣಗಾದವು. 2021ರ ಅಕ್ಟೋಬರ್‌ನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಈ 299 ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಹೊಂದುವುದಿಲ್ಲ, ಸರಿಪಡಿಸಿ ಎಂದು ತೀರ್ಪಿತ್ತಿತು. 2022ರ ಜನವರಿಯಲ್ಲಿ ಬೊಜ್ದಾಗ್ ಮೂರನೆಯ ಬಾರಿ ಅದೇ ಕುರ್ಚಿಗೆ ಬಂದರು. ಕಲಂ ಇದ್ದಲ್ಲೇ ಇತ್ತು, ಹಳೆಯ ಗೆಳೆಯನ ಹಾಗೆ.

ಅವರು ಬರುವ ವಾರದ ಹಿಂದಷ್ಟೇ ಪತ್ರಕರ್ತೆ ಸೆದೆಫ್ ಕಬಾಶ್ ಬಂಧನವಾಗಿತ್ತು. ಟಿ.ವಿ.ಯಲ್ಲಿ ಒಂದು ಗಾದೆ ಹೇಳಿದ್ದರು: ಎತ್ತು ಅರಮನೆ ಹೊಕ್ಕರೆ ಅರಸನಾಗುವುದಿಲ್ಲ, ಅರಮನೆಯೇ ಕೊಟ್ಟಿಗೆಯಾಗುತ್ತದೆ. (ನಾಯಿಯನ್ನು ಸಿಂಹಾಸನದ ಮೇಲೆ ಕೂರಿಸುವ ನಮ್ಮ ಅಜ್ಜಿಯರು ಅಲ್ಲಿ ಹುಟ್ಟದಿದ್ದುದು ಪುಣ್ಯ.) ಮಾರ್ಚ್‌ನಲ್ಲಿ ಎರಡು ವರ್ಷ ನಾಲ್ಕು ತಿಂಗಳ ಶಿಕ್ಷೆ ವಿಧಿಸಿದರು.

ಗಾದೆಯಲ್ಲಿ ಯಾರ ಹೆಸರೂ ಇರಲಿಲ್ಲ. ಎತ್ತು ಯಾರೆಂದು ಥಟ್ಟನೆ ಗುರುತಿಸಿದ್ದು ಸರ್ಕಾರದವರೇ; ಈ ಸಲ ತಜ್ಞರ ಸಮಿತಿಯೂ ಬೇಕಾಗಲಿಲ್ಲ.