ಪಂಪ್ ಪುರಾಣ

ನಮ್ಮ ಮನೆಯಲ್ಲಿ ಬ್ರೆಸ್ಟ್ ಪಂಪ್ ಯಾರಿಗೆ ಬೇಕಿತ್ತೋ ಅವರೊಬ್ಬರನ್ನು ಬಿಟ್ಟು ಉಳಿದವರೆಲ್ಲರೂ ಅದರ ಆಯ್ಕೆಯಲ್ಲಿ ಉತ್ಸಾಹದಿಂದ ಪಾಲ್ಗೊಂಡರು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ಪುಣ್ಯದಿಂದ ಸಿಕ್ಕಿದ್ದ 26 ವಾರಗಳ ಹೆರಿಗೆ ರಜೆ ಕರಗುತ್ತ ಬಂದಿತ್ತು. ತವರಿನ ಬಾಣಂತನ, ಬೆಳ್ಳುಳ್ಳಿ, ಅಂಟಿನುಂಡೆ ಎಲ್ಲ ಮುಗಿಸಿ ಬೆಂಗಳೂರಿನ ಮನೆಗೆ ಮರಳಿದ್ದೆ. ನಾನು ಕಚೇರಿಗೆ ಹೋದ ಮೇಲೆ ಮಗುವಿಗೆ ಹಾಲು ಹೇಗೆ ಎಂಬುದು ಮನೆಯ ಏಕೈಕ ಚರ್ಚಾವಿಷಯವಾಯಿತು.

ನಮ್ಮವರು ಲ್ಯಾಪ್‌ಟಾಪಿನಲ್ಲಿ ಪಟ್ಟಿ ತಯಾರಿಸಿದರು. ಕಾರು ಕೊಳ್ಳುವಾಗಲೂ ಅವರು ಇಷ್ಟು ಕಾಲಂ ಎಳೆದಿರಲಿಲ್ಲ. ಕೈಯಲ್ಲಿ ಒತ್ತುವುದೋ ಕರೆಂಟಿನದೋ, ಸಿಂಗಲ್ಲೋ ಡಬಲ್ಲೋ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಮೋಟಾರಿನ ಸದ್ದು ಎಷ್ಟು ಡೆಸಿಬಲ್, ಎಳೆಯುವ ಒತ್ತಡ ಎಷ್ಟು. ಹಾಲು ಮೋಟಾರಿನ ಕೊಳವೆಗೆ ನುಗ್ಗದಂತೆ ನಡುವೆ ಪೊರೆಯಿರುವ ಮಾದರಿಯೇ ಬೇಕೆಂದು ಅವರು ಹಟ ಹಿಡಿದದ್ದು ಮಾತ್ರ ಮೆಚ್ಚತಕ್ಕದ್ದು. ಪೊರೆಯಿಲ್ಲದ ಕೊಳವೆಯೊಳಗೆ ಹಾಲು ಸೇರಿದರೆ ತೊಳೆಯಲು ಬಾರದೆ ಬೂಷ್ಟು ಹಿಡಿಯುತ್ತದೆ. ಊರಿನಿಂದ ಮಾವ ಫೋನಿನಲ್ಲಿ ಕೇಳಿದರು: "ಪಂಪ್ ತೆಗೆದುಕೊಳ್ಳುತ್ತೀರಂತೆ. ಎಷ್ಟು ಎಚ್‌ಪಿ? ಸಿಂಗಲ್ ಫೇಸಾ, ತ್ರೀ ಫೇಸಾ?" ಅಡಿಕೆ ತೋಟದವರಿಗೆ ಪಂಪೆಂದರೆ ಒಂದೇ. ಅತ್ತೆ ಅವರ ಕೈಯಿಂದ ಫೋನು ಕಸಿದುಕೊಂಡ ಸದ್ದು ಇಲ್ಲಿಯವರೆಗೂ ಕೇಳಿಸಿತು.

ನಮ್ಮವರ ಚಿಕ್ಕಪ್ಪ ಚದುರಂಗದ ಹುಚ್ಚರು. ಅವರಿಗೆ ಸುದ್ದಿ ಮುಟ್ಟಿದ್ದೇ ತಡ, "ಈ ಪಂಪಿಗೆ ಪೇಟೆಂಟ್ ಪಡೆದವರಲ್ಲಿ ನಮ್ಮವನೂ ಒಬ್ಬ ಗೊತ್ತೇನಮ್ಮ?" ಎಂದರು. ನಮ್ಮವನೆಂದರೆ ಚದುರಂಗದವನು, ಎಡ್ವರ್ಡ್ ಲಾಸ್ಕರ್. ವಿಶ್ವ ಚಾಂಪಿಯನ್ ಆಗಿದ್ದ ಇಮ್ಯಾನುಯೆಲ್ ಲಾಸ್ಕರ್ ಬೇರೆ, ಈತ ಬೇರೆ, ಎಂಜಿನಿಯರ್. 1920ರ ದಶಕದಲ್ಲಿ ಈತ ಮಾಡಿದ ಪಂಪಿನಿಂದ ಅವಧಿಗೆ ಮುನ್ನ ಹುಟ್ಟಿದ ಎಷ್ಟೋ ಕೂಸುಗಳಿಗೆ ತಾಯಿಯ ಹಾಲು ಸಿಕ್ಕಿತಂತೆ. ಅದಕ್ಕೂ ಮೊದಲು, 1912ರಲ್ಲಿ, ಲಂಡನ್ನಿನ ಒಂದು ಆಟದಲ್ಲಿ ಈತ ತನ್ನ ರಾಣಿಯನ್ನೇ ಬಲಿಕೊಟ್ಟು, ಎದುರಾಳಿಯ ರಾಜನನ್ನು ಮಣೆಯ ಈ ತುದಿಯವರೆಗೂ ಎಳೆದು ತಂದು ಗೆದ್ದನೆಂದು ಚಿಕ್ಕಪ್ಪ ನಡೆ ನಡೆಯಾಗಿ ವಿವರಿಸಿದರು. ರಾಣಿಯನ್ನು ಬಲಿಕೊಡುವುದರಲ್ಲಿ ಪಳಗಿದ ಕೈ ಆಮೇಲೆ ಇಂಥ ಯಂತ್ರದತ್ತ ತಿರುಗಿದ್ದು ನನಗೇನೂ ಆಶ್ಚರ್ಯವೆನಿಸಲಿಲ್ಲ.

ಪಂಪ್ ಬಂತು. ಅಷ್ಟು ಕಾಲಂಗಳ ಪಟ್ಟಿಯಲ್ಲಿ ಇಲ್ಲದೇ ಹೋದ ಒಂದೇ ಸಂಗತಿಯ ಮೇಲೆ ಎಲ್ಲವೂ ನಿಂತಿತ್ತು: ಫ್ಲೇಂಜ್ ಎಂಬ ಪ್ಲಾಸ್ಟಿಕ್ ಆಲಿಕೆಯ ಅಳತೆ. ಪೆಟ್ಟಿಗೆಯಲ್ಲಿ 24 ಮಿಲಿಮೀಟರಿನದು ಇತ್ತು, ಜಗತ್ತಿನ ತಾಯಂದಿರೆಲ್ಲ ಒಂದೇ ಅಚ್ಚಿನಿಂದ ಎದ್ದು ಬಂದವರೆಂಬಂತೆ. ಅಳತೆ ತಪ್ಪಿದರೆ ನೋವು ಖಚಿತ, ಹಾಲು ಅನುಮಾನ. ನಮ್ಮವರು ಮರಗೆಲಸದ ಟೇಪು ಹಿಡಿದುಕೊಂಡು ಸಹಾಯಕ್ಕೆ ಬಂದರು. ಅವರನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು, ಶಾಲೆಯ ಕಾಲದ ಸ್ಕೇಲು ಹುಡುಕಿ ಅಳೆದು, ಬೇರೆ ಆಲಿಕೆ ತರಿಸಿದೆ.

ಇನ್ನು ಸದ್ದು. ಡೆಸಿಬಲ್ಲಿನ ಲೆಕ್ಕ ಏನೇ ಇರಲಿ, ಪಂಪ್ ಮಾತನಾಡುತ್ತದೆ. ರಾತ್ರಿ ಎರಡಕ್ಕೆ ನನಗದು "ಯಾಕಮ್ಮಾ, ಯಾಕಮ್ಮಾ" ಎಂದು ಕೇಳುತ್ತಿತ್ತು. ಮಗುವನ್ನು ನೋಡಿಕೊಳ್ಳಲು ಊರಿನಿಂದ ಬಂದ ಅತ್ತೆ ಅದು "ರಾಮ ರಾಮ" ಎನ್ನುತ್ತಿದೆ ಎಂದರು. ಇ.ಎಂ.ಐ. ಕಟ್ಟುವ ನಮ್ಮವರಿಗೆ "ಇನ್ನೆಷ್ಟು, ಇನ್ನೆಷ್ಟು" ಎಂದು ಕೇಳಿಸುತ್ತಿತ್ತಂತೆ.

ಮೊದಲ ದಿನ ಅರ್ಧ ಗಂಟೆ ಕೂತು ಕಷ್ಟಪಟ್ಟು ಅರುವತ್ತು ಮಿಲಿ ತೆಗೆದು, ಫ್ರಿಜ್ಜಿನಲ್ಲಿಟ್ಟು ಸ್ನಾನಕ್ಕೆ ಹೋದೆ. ಮರಳಿ ಬಂದಾಗ ಅತ್ತೆ ಒಲೆಯ ಮುಂದೆ ಸೌಟು ಹಿಡಿದು ನಿಂತಿದ್ದರು. "ಹಸಿ ಹಾಲನ್ನು ಯಾರಾದರೂ ಮಗುವಿಗೆ ಕೊಡುತ್ತಾರೆಯೇ? ಉಕ್ಕುತ್ತದೆಯೇನೋ ಎಂದು ಕಾಯುತ್ತಿದ್ದೇನೆ." ಲೀಟರ್ ಹಾಲು ಕಾಯಿಸುವ ಪಾತ್ರೆಯ ತಳದಲ್ಲಿ ಅರುವತ್ತು ಮಿಲಿಗೆ ಉಕ್ಕುವ ಭಾಗ್ಯವೆಲ್ಲಿ? ಸುಮ್ಮನೆ ಒಮ್ಮೆ ಚುರ್ ಎಂದು ಅಂಚಿಗೆ ಕಂದು ಗೆರೆ ಬಿಟ್ಟು ಅರ್ಧಕ್ಕಿಳಿಯಿತು. ಕಾಯಿಸಿದರೆ ಅದರ ರೋಗನಿರೋಧಕ ಗುಣ ಹಾಳಾಗುತ್ತದೆ, ಬಾಟಲಿಯನ್ನು ಬಿಸಿನೀರಿನ ಬಟ್ಟಲಿನಲ್ಲಿಟ್ಟು ಉಗುರುಬೆಚ್ಚಗೆ ಮಾಡಿದರೆ ಸಾಕು ಎಂದು ವಿವರಿಸಿದೆ. ತಣ್ಣನೆಯ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಎಂಬ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಅತ್ತೆ ಚೀಟಿಯನ್ನು ಗೌರವಿಸಿದರು. ಮಾರನೆಯ ದಿನ ಬಾಟಲಿಯ ಹಾಲಿನ ಮೇಲೆ ದಪ್ಪಗೆ ಕಟ್ಟಿದ್ದ ಕೊಬ್ಬನ್ನು ಮಾತ್ರ ಚಮಚದಲ್ಲಿ ಎತ್ತಿ ಬೇರೆ ಬಟ್ಟಲಿಗೆ ಹಾಕಿದ್ದರು. "ಇಷ್ಟು ಕೆನೆ ಮಗುವಿಗೆ ಅರಗುವುದಿಲ್ಲ." ಆ ಬಟ್ಟಲು ಮೊಸರಿನ ಪಕ್ಕದಲ್ಲಿತ್ತು. ಮುಂದೆ ಏನಾಗಬಹುದಿತ್ತೆಂದು ನಾನು ಯೋಚಿಸಹೋಗಲಿಲ್ಲ.

ಬಾಟಲಿಯ ಕಥೆ ಬೇರೆ. ಪಂಪಿನ ಜಾಹೀರಾತು ಮೊಬೈಲಿನಲ್ಲಿ ಹಗಲಿರುಳು ಬೆನ್ನು ಹತ್ತಿತ್ತು, ಹಾಲುಬಾಟಲಿಗೆ ಜಾಹೀರಾತು ಹಾಕುವಂತಿಲ್ಲ. 1992ರ ಕಾಯ್ದೆ ಅದನ್ನೂ ನಿಷೇಧಿಸಿದೆ, ಬಾಟಲಿಯ ಮಾರಾಟ ಹೆಚ್ಚಿಸಲು ಕೊಡುವ ಉಡುಗೊರೆಯನ್ನೂ ನಿಷೇಧಿಸಿದೆ. ಒಳ್ಳೆಯ ಕಾಯ್ದೆ. ಹಾಗಾಗಿ ಅಂಗಡಿಯವನ ಬಾಯಿಮಾತೇ ಗತಿ. ಮಲ್ಲೇಶ್ವರದ ಅಂಗಡಿಯಾತ ಕೌಂಟರಿನ ತುಂಬ ಬಾಟಲಿ ಹರಡಿದ: ಗಾಜಿನದು, ಸ್ಟೀಲಿನದು, ಸೊಂಟ ಬಳುಕಿದ್ದು, ಗಾಳಿ ನುಂಗದಂತೆ ಒಳಗೆ ನಳಿಗೆಯಿರುವುದು. ಆ ನಳಿಗೆಯದಕ್ಕೆ ಬಿಡಿ ಭಾಗಗಳು ಎಷ್ಟಿದ್ದವೆಂದರೆ, ತೊಳೆದು ಮರುಜೋಡಿಸುವಷ್ಟರಲ್ಲಿ ಮಗು ಅನ್ನ ಉಣ್ಣುವ ವಯಸ್ಸಿಗೆ ಬಂದಿರುತ್ತದೆ. ಐಎಸ್‌ಐ ಗುರುತು ನೋಡಿ, ಬಾಯಿ ಅಗಲವಿರುವ ಸಾದಾ ಬಾಟಲಿ, ಸಣ್ಣ ತೂತಿನ ನಿಪ್ಪಲ್ ತಂದೆವು. ಬ್ರಷ್ಷು ಒಳಗೆ ಸರಾಗವಾಗಿ ತಿರುಗುತ್ತದೆಯೇ ಎಂಬುದೇ ನನ್ನ ಪ್ರಕಾರ ಬಾಟಲಿ ಪರೀಕ್ಷೆಯ ಮೊದಲ ಪ್ರಶ್ನೆ, ಕೊನೆಯದೂ ಹೌದು.

ಮಗು ಅದನ್ನು ಬಾಯಿಗೆ ಮುಟ್ಟಿಸಲು ಬಿಡಲಿಲ್ಲ. ಅಮ್ಮನ ವಾಸನೆ ಮೂಗಿಗೆ ಬಡಿಯುತ್ತಿರುವಾಗ ಬಾಟಲಿ ಏಕೆ ಕುಡಿಯುತ್ತಾನೆ, ಬೇರೆಯವರು ಕೊಡಲಿ, ನೀವು ಮನೆಯಿಂದ ಹೊರಗಿರಿ ಎಂದರು ಡಾಕ್ಟರು. ಅತ್ತೆ ಕೂಡಲೇ ಕಾರ್ಯಪ್ರವೃತ್ತರಾದರು. "ಹೊರಗೆ ನಡಿ, ನಾನು ಕರೆಯುವವರೆಗೂ ಒಳಗೆ ಬರಕೂಡದು" ಎಂದು ನನ್ನನ್ನು ನೈಟಿಯಲ್ಲೇ ಹೊರಗಟ್ಟಿ ಚಿಲಕ ಹಾಕಿದರು. ನಾನು ಮೆಟ್ಟಿಲ ಮೇಲೆ ಕೂತೆ. ಒಳಗೆ ಮಗು ಚೀರುತ್ತಿತ್ತು, ನನಗೂ ಕಣ್ಣಲ್ಲಿ ನೀರು.

ಎದುರು ಮನೆಯ ಆಂಟಿ ಬಾಗಿಲು ತೆರೆದು ಎಲ್ಲವನ್ನೂ ಒಂದೇ ನೋಟದಲ್ಲಿ ಅರ್ಥ ಮಾಡಿಕೊಂಡರು. "ಎಳೆ ಬಾಣಂತಿಯನ್ನು ಹೀಗಾ ನಡೆಸಿಕೊಳ್ಳುವುದು!" ಎನ್ನುತ್ತ ಕೈಹಿಡಿದು ಒಳಗೆ ಕರೆದೊಯ್ದು, ಕಾಫಿ ಕೊಟ್ಟು, ತಮ್ಮ ಅತ್ತೆ ಉಗ್ರಾಣಕ್ಕೆ ಬೀಗ ಹಾಕುತ್ತಿದ್ದ ಕಾಲದಿಂದ ಕಥೆ ಶುರು ಮಾಡಿದರು. ವಿಷಯ ಹೀಗಲ್ಲ ಎನ್ನಲು ಬಾಯಿ ತೆರೆದಾಗಲೆಲ್ಲ "ಏನೂ ಹೇಳಬೇಡ, ನನಗೆ ಗೊತ್ತು" ಎಂದು ತಡೆದರು. ಕಾಫಿ ಗಟ್ಟಿಯಾಗಿತ್ತು, ಕಥೆಯೂ ಚೆನ್ನಾಗಿತ್ತು. ನಾನು ಬಾಯಿ ಮುಚ್ಚಿದೆ.

ಅಷ್ಟರಲ್ಲಿ ನಮ್ಮ ಬಾಗಿಲು ತೆರೆದು, ಅತ್ತೆ ಖಾಲಿ ಬಾಟಲಿ ಎತ್ತಿ ಹಿಡಿದು "ಎಲ್ಲಿದ್ದೀಯಮ್ಮ? ಬಾ ಒಳಗೆ!" ಎಂದು ಹಿಗ್ಗಿನಿಂದ ಕೂಗಿದರು. ನಾನು ಏಳಲು ಹೋದರೆ ಆಂಟಿ ರಟ್ಟೆ ಹಿಡಿದು ಕೂರಿಸಿದರು. "ಕರೆದ ಕೂಡಲೇ ಓಡಬೇಡ. ಇನ್ನೊಂದು ಸ್ವಲ್ಪ ಹೊತ್ತು ಕರೆಯಲಿ."