ಗಣಿತ, ವಿಜ್ಞಾನ ಯಾಕೆ ಹೊರಗಿಡಬೇಕು?

ಇಮ್ಮರ್ಶನ್ ಶಾಲೆ ಅಂದರೆ ಮನೆಮಾತಲ್ಲದ ಹೊಸ ಭಾಷೆಯಲ್ಲೇ ವಿಷಯಗಳನ್ನು ಕಲಿಸುವ ಶಾಲೆ. ಅದರ ಬಗೆಗಿನ ನಿಮ್ಮ ಲೇಖನದಲ್ಲಿ, ಸರ್ಕಾರಿ ಇಮ್ಮರ್ಶನ್ ಹೈಸ್ಕೂಲಿನಲ್ಲಿ ಚರಿತ್ರೆ, ಸಮಾಜ ಮಾತ್ರ ಹೊಸ ಭಾಷೆಯಲ್ಲಿರಲಿ, ಗಣಿತ, ವಿಜ್ಞಾನ ಬೇಡ ಅಂತ ಲೇಖಕರು ಹೇಳಿದ್ದಾರೆ. ನನಗೆ ಒಪ್ಪಿಗೆಯಿಲ್ಲ.

ಲ್ಯಾಬ್ ಪಾಠವನ್ನೇ ನೋಡಿ. ‘ಈ ದ್ರಾವಣದ ಬಣ್ಣ ಯಾಕೆ ಬದಲಾಯಿತು?’ ಎಂದು ಮೇಷ್ಟ್ರು ಕೇಳುವಾಗ ಪ್ರನಾಳ ಕಣ್ಣೆದುರೇ ಇರುತ್ತದೆ. ಪದ ಗೊತ್ತಿಲ್ಲದಿದ್ದರೂ ಅರ್ಧ ಅರ್ಥ ಅಲ್ಲೇ ಸಿಗುತ್ತದೆ. ಚರಿತ್ರೆಯಲ್ಲಿ ಆ ಆಸರೆ ಇಲ್ಲ, ಬರೀ ಉದ್ದುದ್ದ ವಾಕ್ಯಗಳು. ಹಾಗೆ ನೋಡಿದರೆ ಚರಿತ್ರೆಯೇ ಜಾಸ್ತಿ ಕಷ್ಟ, ಅಲ್ವಾ?

ಕೆನಡಾದ ಸೇಂಟ್ ಲ್ಯಾಂಬರ್ಟ್‌ನಲ್ಲಿ 1965ರಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಫ್ರೆಂಚ್ ಇಮ್ಮರ್ಶನ್ ಶುರುವಾಯಿತು. ಅಲ್ಲಿಂದೀಚೆಗೆ ಕೆನಡಾದಲ್ಲಿ ಮತ್ತೆ ಮತ್ತೆ ಕಂಡಿದ್ದು ಒಂದೇ: ಇಂಥ ಮಕ್ಕಳು ಕೇಳಿ, ಓದಿ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ, ಮಾತು, ಬರಹದಲ್ಲಿ ಮಾತ್ರ ತಡವರಿಸುತ್ತಾರೆ. ಸುಮ್ನೆ ಪಾಠ ಕೇಳಿಸಿದರೆ ಸಾಲದು. ಪ್ರಯೋಗದ ವರದಿ, ಲೆಕ್ಕ ಬಿಡಿಸಿದ ಬಗೆ, ಎಲ್ಲವನ್ನೂ ಅವರ ಕೈಯಲ್ಲೇ ಬರೆಸಬೇಕು, ಬಾಯಲ್ಲೇ ಹೇಳಿಸಬೇಕು.

ಇನ್ನು ಹೊಸ ಭಾಷೆಯಲ್ಲಿ ಪರೀಕ್ಷೆ ಬರೆದರೆ ಅಂಕ ಕಡಿಮೆಯಾದೀತು ಎಂಬ ಭಯ. ಐರ್ಲೆಂಡಿನಲ್ಲಿ ಶಾಲೆಯ ಕೊನೆಯ ಸರ್ಕಾರಿ ಪರೀಕ್ಷೆಯನ್ನು ಐರಿಷ್‌ನಲ್ಲಿ ಬರೆದರೆ ಎಷ್ಟೋ ವಿಷಯಗಳಿಗೆ ಹೆಚ್ಚುವರಿ ಅಂಕ ಸಿಗುತ್ತದೆ. ದಾರಿ ಇದೆ, ಸರ್ಕಾರಕ್ಕೆ ಮನಸ್ಸಿರಬೇಕು ಅಷ್ಟೆ.

ಲೇಖನದಲ್ಲಿ ಬಿಟ್ಟುಹೋದ ತೊಡಕು ಬೇರೆಯೇ ಇದೆ. ಭೌತಶಾಸ್ತ್ರವೂ ಗೊತ್ತಿದ್ದು, ಆ ಭಾಷೆಯನ್ನೂ ಸರಾಗವಾಗಿ ಆಡುವ ಮೇಷ್ಟ್ರುಗಳನ್ನು ಎಲ್ಲಿಂದ ತರುವುದು? ಅದರ ಬಗ್ಗೆಯೂ ಬರೆಯಿರಿ.